ಗೋಕಾಕ ಫಾಲ್ಸಿನ ಗಿರಣಿ ಚಾಳಿನ ಕಥೆ ಕೂಡಿಸಿದ್ದು

ನಮ್ಮ ಅಜ್ಜ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ಅಂಚು ಸವೆದು ನುಣ್ಣಗಾಗಿತ್ತು, ನಂಬರು ಮಾತ್ರ ಉಳಿದಿತ್ತು. ಅಜ್ಜ ಯಾವ ವರ್ಷ ಕೆಲಸಕ್ಕೆ ಸೇರಿದರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಲು ಹೊರಟವನು ಇಡೀ ಚಾಳಿನ, ಅಂದರೆ ಗಿರಣಿ ಕೆಲಸಗಾರರ ಸಾಲುಮನೆಗಳ, ಕಥೆ ಬರೆದುಕೊಳ್ಳುತ್ತಾ ಹೋದೆ.

ಗಿರಣಿಯ ಕಥೆ ಪುಸ್ತಕದಲ್ಲಿ ಸಿಗುತ್ತದೆ. 1885ರಲ್ಲಿ ಕಂಪನಿ, 1887ರಲ್ಲಿ ಗಿರಣಿ. ಘಟಪ್ರಭೆ 171 ಅಡಿ ಧುಮುಕುವ ಜಾಗ ಅದು. ಧೂಪದಾಳದ ಒಡ್ಡಿನ ನೀರನ್ನು ಕಾಲುವೆಯಲ್ಲಿ ತಂದು, ಪೈಪಿನಲ್ಲಿ ಬಂಡೆಯ ಬುಡಕ್ಕೆ ಇಳಿಸಿ, ಆ ರಭಸದಿಂದ ಯಂತ್ರ ತಿರುಗಿಸಿದರು. ಆದರೆ ಚಾಳಿನಲ್ಲಿ ಯಾರಿದ್ದರು, ಹೇಗೆ ಬದುಕಿದರು ಅನ್ನೋದು ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಮೊದಲು ನಾನು ಎಲ್ಲರಿಗೂ ಇಸವಿ ಕೇಳುತ್ತಿದ್ದೆ. ಹಿರಿಯರು ಪಾಪ, ಸುಮ್ನೆ ಒಂದು ಅಂದಾಜು ಹೇಳಿಬಿಡುತ್ತಿದ್ದರು. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆ ಆಗುತ್ತಿರಲಿಲ್ಲ. ಮೂರು ತಿಂಗಳ ಓಡಾಟ ಹಾಗೇ ಹೋಯಿತು. ಆಮೇಲೆ ಕೊಣ್ಣೂರಿನ ಒಬ್ಬ ಅಜ್ಜ, ಕೇಳದೇ ಇದ್ದರೂ, ಒಂದು ಮಾತು ಹೇಳಿದರು.

"ಅವತ್ತ ಭೂಮಿ ನಡುಗಿತ್ತಲ್ಲ ತಮ್ಮಾ, ನಾ ರಾತ್ರಿ ಪಾಳ್ಯಾಗ ಇದ್ದೆ. ಮಷೀನೇ ಕೆಟ್ಟು ಹಿಂಗ ಅಲಗ್ಯಾಡಾಕತ್ತೈತಿ ಅಂತ ತಿಳಕೊಂಡ್ವಿ."

ಅದು ಮಹಾರಾಷ್ಟ್ರದ ಕೊಯ್ನಾ ಭೂಕಂಪ. 1967ರ ಡಿಸೆಂಬರ್ 11, ನಸುಕಿನ ನಾಲ್ಕು ಗಂಟೆ ದಾಟಿತ್ತು. ರಾತ್ರಿ ಪಾಳಿಗೆ ಸರಿಯಾಗಿ ಹೊಂದಿತು! ಆವತ್ತಿನಿಂದ ಇಸವಿ ಕೇಳುವುದನ್ನೇ ಬಿಟ್ಟೆ. ಮೊದಲ ಪಗಾರ ಆಣೆ ಲೆಕ್ಕದಲ್ಲಿತ್ತೋ ಹೊಸ ಪೈಸೆ ಲೆಕ್ಕದಲ್ಲೋ? ಹೊಸ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಕೆಲಸಕ್ಕೆ ಸೇರಿದಾಗ ನಾವು ಮುಂಬಯಿ ಪ್ರಾಂತದಲ್ಲಿದ್ದೆವೋ ಮೈಸೂರು ರಾಜ್ಯಕ್ಕೆ ಸೇರಿದ್ದೆವೋ? ಸೇರಿದ್ದು 1956ರ ನವೆಂಬರ್‌ನಲ್ಲಿ. ಮಗ ಹುಟ್ಟಿದ್ದು 1972ರ ಬರಗಾಲಕ್ಕೆ ಮೊದಲೋ ಆಮೇಲೋ? ಹೀಗೆ ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ಬರುವಾಗ ಮನೆ ಬಾಡಿಗೆ, ನಲ್ಲಿ ಮುಂದಿನ ಜಗಳ, ಗಿರಣಿಯ ಭೋಂಗಾ (ಸೈರನ್) ಕೂಗಿದ ಕೂಡಲೇ ರೊಟ್ಟಿ ಬುತ್ತಿ ಹಿಡಿದು ಓಡಿದ್ದು, ಎಲ್ಲವೂ ಜೊತೆಗೇ ಬರುತ್ತದೆ.

ಒಂದು ತಪ್ಪು ಮಾಡಿದೆ. ಮಳೆಗಾಲದಲ್ಲಿ ಜಲಪಾತಕ್ಕೆ ಹತ್ತಿರದ ಕಟ್ಟೆಯ ಮೇಲೆ ಕೂತು ಒಬ್ಬ ಅಜ್ಜಿಯ ಮಾತನ್ನು ಎರಡು ತಾಸು ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದರೆ ಬರೀ ನೀರಿನ ಭೋರ್ಗರೆತ. ಮತ್ತೆ ಹೋಗುವಷ್ಟರಲ್ಲಿ ಆ ಅಜ್ಜಿ ಮಗಳ ಊರಿಗೆ ಹೋಗಿದ್ದರು. ಈಗ ಒಳಮನೆಯಲ್ಲೇ ಕೂರುತ್ತೇನೆ, ಐದು ನಿಮಿಷ ಮಾಡಿ ಒಮ್ಮೆ ಕೇಳಿ ನೋಡುತ್ತೇನೆ. ಫೋಟೊ, ಪಗಾರ ಚೀಟಿ ಕಂಡರೆ "ನಾಳೆ ಬರ್ತೀನಿ" ಅನ್ನುವುದಿಲ್ಲ, ಅಲ್ಲೇ ಬಾಗಿಲ ಬೆಳಕಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇನೆ. 2019ರ ಆಗಸ್ಟ್ ಮಹಾಪೂರದಲ್ಲಿ ಗೋಕಾಕದ ಎಷ್ಟು ಮನೆಗಳ ಕಾಗದಪತ್ರ ನೀರುಪಾಲಾಯಿತು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಣ್ಣೂರಿನ ಆ ಅಜ್ಜನಿಗೆ ಬಿಲ್ಲೆ ತೋರಿಸಿದೆ. ಬೆರಳಿನಿಂದ ನಂಬರು ಸವರಿ, "ನಿಮ್ಮಜ್ಜ ನನಗಿಂತ ಮೊದಲಿಗರು, ಎಳೆ ಹರದ್ರ ಕೂಡಸೂದು ಅವರಽ ಕಲಿಸಿದ್ದು" ಅಂದರು. ಇವರ ಮೊದಲ ಪಗಾರ ಆಣೆ ಲೆಕ್ಕದ್ದು. ಹಾಗಾದರೆ ನಮ್ಮಜ್ಜ 1957ಕ್ಕಿಂತ ಮೊದಲೇ ಸೇರಿದವರು. ಅಷ್ಟನ್ನು ಬರೆದುಕೊಂಡೆ. ಅಜ್ಜ ಅಷ್ಟರಲ್ಲಿ ಧೋತರದ ಅಂಚಿನ ಒಂದು ದಾರ ಕಿತ್ತು ಹರಿದರು. ಎರಡು ತುದಿ ಹಿಡಿದು ಹೆಬ್ಬೆರಳಿನಲ್ಲಿ ಒಮ್ಮೆ ಹೊಸೆದರು. ಎಲ್ಲಿ ಕೂಡಿತ್ತು ಅಂತ ನನಗೆ ಕಾಣಲೇ ಇಲ್ಲ.