ಹುರುಳಿಕಾಯಿಯ ಹಸಿರು ಕೆಡದಂತೆ

ಹುರುಳಿಕಾಯಿ ಬೇಯಿಸುವುದರಲ್ಲಿ ಕಲಿಯುವುದೇನಿದೆ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಹೆಚ್ಚಿ, ನೀರು ಹಾಕಿ, ಮುಚ್ಚಳ ಮುಚ್ಚಿ, ಬೆಂದ ಮೇಲೆ ಇಳಿಸಿದರೆ ಮುಗಿಯಿತು. ಒಂದು ಬೇಸಿಗೆಯ ಮಧ್ಯಾಹ್ನ ಆ ಎಣಿಕೆ ತಪ್ಪಿತು. ಊಟಕ್ಕೆ ಎಂಟು ಜನ ಬರುವವರಿದ್ದರು. ಕೊನೇ ಗಳಿಗೆಯ ಗಡಿಬಿಡಿ ಬೇಡವೆಂದು ಬೆಳಿಗ್ಗೆ ಹತ್ತಕ್ಕೇ ಬೀನ್ಸ್ ಬೇಯಿಸಿ, ಟೊಮೇಟೊ ಬೆರೆಸಿ, ನಿಂಬೆಹಣ್ಣು ಹಿಂಡಿ ಮುಚ್ಚಿಟ್ಟೆ. ಒಂದೂವರೆಗೆ ಪಾತ್ರೆ ತೆರೆದರೆ ಬೆಳಗಿನ ಹಸಿರು ಇರಲೇ ಇಲ್ಲ. ಕಾಯೆಲ್ಲ ಬಾಡಿದ ಎಲೆಯ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಒಂದು ಬೆರಳು ನೀರು ನಿಂತಿತ್ತು. ತಿನ್ನಲಾಗದಷ್ಟೇನೂ ಕೆಟ್ಟಿರಲಿಲ್ಲ. ಆದರೆ ಬಡಿಸುವಾಗ ಮನಸ್ಸಿಗೆ ಪಿಚ್ಚೆನಿಸಿತು.

ಆಮೇಲೆ ಕಾರಣ ಹುಡುಕಿದೆ. ಕಾಯಿಗೆ ಹಸಿರು ಕೊಡುವ ಕ್ಲೋರೋಫಿಲ್‌ನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ. ಹುಳಿ ತಾಗಿದರೆ ಅದು ಕಳಚಿಕೊಳ್ಳುತ್ತದೆ, ಉಳಿಯುವುದು ಮಂಕು ಕಂದುಹಸಿರು. ನಿಂಬೆರಸ, ಟೊಮೇಟೊ ಎರಡೂ ಹುಳಿಯೇ. ಅದೂ ಸಾಲದೆ ಬೇಯುವ ಕಾಯಿಯೇ ಸ್ವಲ್ಪ ಆಮ್ಲವನ್ನು ಹೊರಗೆ ಬಿಡುತ್ತದೆ. ಮುಚ್ಚಳ ಹಾಕಿದರೆ ಆವಿಯಾಗಿ ಹೋಗಬೇಕಾದ ಆಮ್ಲ ಮತ್ತೆ ಪಾತ್ರೆಗೇ ಬೀಳುತ್ತದೆ. ಅಂದು ನಾನು ಮುಚ್ಚಳವನ್ನೂ ಹಾಕಿದ್ದೆ, ಹುಳಿಯನ್ನೂ ಮೂರೂವರೆ ಗಂಟೆ ಮೊದಲೇ ಸುರಿದಿದ್ದೆ. ಇದು ತಿಳಿದ ಮೇಲೆ ಈ ಸಲಾಡ್ ಮಾಡುವ ಕ್ರಮವನ್ನೇ ಬದಲಿಸಿಕೊಂಡೆ. ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತೇನೆ, ಹುಳಿಯನ್ನು ಮಾತ್ರ ತಟ್ಟೆ ಹಾಕಿದ ಮೇಲೆ ಬೆರೆಸುತ್ತೇನೆ.

ನಾಲ್ಕು ಜನರಿಗೆ ನನ್ನ ಅಳತೆ ಹೀಗೆ: 400 ಗ್ರಾಂ ಎಳೆ ಬೀನ್ಸ್, ಹಣ್ಣಾಗಿಯೂ ಗಟ್ಟಿಯಾಗಿರುವ ಎರಡು ಟೊಮೇಟೊ, ಒಂದು ಮುಸುಕಿನ ಜೋಳದ ತೆನೆ, ಅರ್ಧ ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ, ಒಂದು ನಿಂಬೆಹಣ್ಣು, ಎರಡು ದೊಡ್ಡ ಚಮಚ ಒಳ್ಳೆಯ ಎಣ್ಣೆ, ಒಂದು ಹಿಡಿ ಪುದೀನ, ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು.

ಕಾಯಿ ಆರಿಸುವಾಗ ಅವಸರ ಮಾಡಬೇಡಿ. ನಡುವೆ ಬಾಗಿಸಿದರೆ ಪಟ್ಟನೆ ಮುರಿಯಬೇಕು, ಮುರಿದ ಜಾಗ ಒದ್ದೆಯಾಗಿ ಹೊಳೆಯಬೇಕು. ಒಳಗಿನ ಕಾಳು ಉಬ್ಬಿ ಸಿಪ್ಪೆಯ ಮೇಲೆ ಗಂಟುಗಂಟಾಗಿ ಕಂಡರೆ ಅದು ಬಲಿತ ಕಾಯಿ. ಅಂಥದ್ದನ್ನು ನಿಧಾನವಾಗಿ ಬೇಯಿಸುವ ಬೇರೆ ಅಡುಗೆಗೆ ಇಟ್ಟುಕೊಳ್ಳಿ, ಇದಕ್ಕೆ ಖಂಡಿತ ಬೇಡ. ನೇರಳೆ ಬಣ್ಣದ ಬೀನ್ಸ್ ಚೆಂದ ಕಂಡಿತೆಂದು ಒಮ್ಮೆ ತಂದಿದ್ದೆ. ಕುದಿನೀರಿಗೆ ಬಿದ್ದು ಎರಡು ನಿಮಿಷವಾಗುವಷ್ಟರಲ್ಲಿ ನೇರಳೆ ಹೋಗಿ ಮಾಮೂಲಿ ಹಸಿರಾಯಿತು. ರುಚಿಗೇನೂ ಕೊರತೆಯಿಲ್ಲ, ಬಣ್ಣಕ್ಕಾಗಿ ಮಾತ್ರ ಕೊಳ್ಳಬೇಡಿ.

ಬೇಯಿಸಲು ಇರುವುದರಲ್ಲೇ ದೊಡ್ಡ ಪಾತ್ರೆ ತೆಗೆದುಕೊಳ್ಳುತ್ತೇನೆ. ಮೂರು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು. ನೋಡಿದರೆ ಜಾಸ್ತಿ ಅನಿಸುತ್ತದೆ, ಆದರೆ ಬಹುಪಾಲು ನೀರಿನ ಜೊತೆಗೇ ಬಸಿದು ಹೋಗುತ್ತದೆ. ನೀರು ಕಡಿಮೆಯಿದ್ದರೆ ಕಾಯಿ ಹಾಕಿದ ಕೂಡಲೇ ಕುದಿ ನಿಲ್ಲುತ್ತದೆ, ಮತ್ತೆ ಕುದಿ ಹತ್ತುವಷ್ಟರಲ್ಲಿ ಬಣ್ಣ ಮಾಸಲು ಶುರುವಾಗಿರುತ್ತದೆ. ಮೊದಲು ಜೋಳದ ತೆನೆಯನ್ನು ಅದೇ ನೀರಿನಲ್ಲಿ ನಾಲ್ಕು ನಿಮಿಷ ಕುದಿಸಿ ತೆಗೆದಿಡುತ್ತೇನೆ. ನೀರು ಮತ್ತೆ ಕೊತಕೊತ ಕುದಿಯುವಾಗ ತೊಟ್ಟು, ನಾರು ತೆಗೆದು ಎರಡು ಅಂಗುಲಕ್ಕೆ ಮುರಿದ ಬೀನ್ಸ್ ಹಾಕುತ್ತೇನೆ. ಮುಚ್ಚಳ ಹಾಕುವುದಿಲ್ಲ.

ಮೊದಲ ಅರ್ಧ ನಿಮಿಷದಲ್ಲಿ ಹಸಿರು ಇದ್ದಕ್ಕಿದ್ದಂತೆ ಗಾಢವಾಗುತ್ತದೆ. ಕಾಯಿಯ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಿದ್ದು ಕೆಳಗಿನ ಬಣ್ಣ ನಿಚ್ಚಳವಾಗಿ ಕಾಣುವುದರಿಂದ ಹಾಗೆ. ಆ ಬಣ್ಣಕ್ಕೆ ಮರುಳಾಗಿ ತೆಗೆದುಬಿಡುವುದು ನಾನು ಮಾಡಿದ ಎರಡನೇ ತಪ್ಪು. ಒಂದಿಡೀ ಬೇಸಿಗೆ ನಮ್ಮ ಮನೆಯವರಿಗೆ ಅರೆಬೆಂದ ಬೀನ್ಸ್ ತಿನ್ನಿಸಿದೆ. ಅಗಿದರೆ ಹಲ್ಲಿಗೆ ಕಿರುಗುಟ್ಟುತ್ತಿತ್ತು, ಉಪ್ಪು ಎಣ್ಣೆ ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ಹಸಿ ಬೀನ್ಸ್‌ನಲ್ಲಿ ಲೆಕ್ಟಿನ್ ಅನ್ನುವ ಅಂಶವಿದೆ, ಅದು ಹೊಟ್ಟೆಗೆ ಒಗ್ಗುವುದಿಲ್ಲ. ಹಾಗಾಗಿ ಚೆನ್ನಾಗಿ ಬೇಯಿಸುವುದು ರುಚಿಗಷ್ಟೇ ಅಲ್ಲ, ಆರೋಗ್ಯಕ್ಕೂ ಬೇಕು.

ಈಗ ಗಡಿಯಾರಕ್ಕಿಂತ ಹಲ್ಲನ್ನು ನಂಬುತ್ತೇನೆ. ಕುದಿ ಮತ್ತೆ ಹತ್ತಿದಲ್ಲಿಂದ ನಾಲ್ಕನೇ ನಿಮಿಷಕ್ಕೆ ಒಂದು ತುಂಡು ತೆಗೆದು ಕಚ್ಚುತ್ತೇನೆ. ಆಗಿನ್ನೂ ಕಿರುಗುಡುತ್ತದೆ. ಐದನೇ ನಿಮಿಷಕ್ಕೆ ಇನ್ನೊಂದು: ಶಬ್ದ ಕಡಿಮೆಯಾಗಿರುತ್ತದೆ, ಆದರೆ ಬಾಯಲ್ಲಿ ಹಸಿ ವಾಸನೆ ಉಳಿಯುತ್ತದೆ. ಸಾಮಾನ್ಯ ದಪ್ಪದ ಕಾಯಿ ಆರನೇ ನಿಮಿಷದ ಆಸುಪಾಸಿಗೆ ಹದಕ್ಕೆ ಬರುತ್ತದೆ. ಹಲ್ಲು ಸಲೀಸಾಗಿ ಇಳಿಯುತ್ತದೆ, ಕಚ್ಚಿದ್ದು ಗೊತ್ತಾಗುವಷ್ಟು ಬಿಗಿಯೂ ಇರುತ್ತದೆ, ಒಳಗಿನ ಪುಟ್ಟ ಕಾಳು ಸಿಹಿಯಾಗಿರುತ್ತದೆ. ತೀರ ಸಣ್ಣ ಕಾಯಾದರೆ ಇನ್ನೂ ಬೇಗ.

ಕೂಡಲೇ ಬಸಿದು, ಐಸ್ ಹಾಕಿದ ನೀರಿಗೆ ಹಾಕಿ ಎರಡು ನಿಮಿಷ ಬಿಡುತ್ತೇನೆ. ಜಾಸ್ತಿ ಹೊತ್ತು ಬಿಟ್ಟರೆ ಕಾಯಿ ನೀರು ಕುಡಿದು ಸಪ್ಪೆಯಾಗುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ಮೆತ್ತಗೆ ಒತ್ತಿ ಒರೆಸುತ್ತೇನೆ. ಈ ಕೆಲಸ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಒದ್ದೆ ಕಾಯಿಗೆ ಎಣ್ಣೆ ಹಿಡಿಯದೆ ಜಾರಿ ತಳ ಸೇರುತ್ತದೆ. ಅಂದು ನನ್ನ ಪಾತ್ರೆಯ ತಳದಲ್ಲಿ ನಿಂತಿದ್ದ ನೀರಿನಲ್ಲಿ ಅರ್ಧ ಪಾಲು ಇದರದ್ದೇ.

ಇನ್ನರ್ಧ ಟೊಮೇಟೊದ್ದು. ಈಗ ಟೊಮೇಟೊ ಹೆಚ್ಚಿ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಬಟ್ಟಲಿನ ಮೇಲಿಟ್ಟ ಜರಡಿಯಲ್ಲಿ ಕಾಲು ಗಂಟೆ ಬಿಡುತ್ತೇನೆ. ಕೆಳಗೆ ಇಳಿಯುವ ರಸದಲ್ಲಿ ಟೊಮೇಟೊದ ಎಷ್ಟೋ ರುಚಿ ಇರುತ್ತದೆ, ಚೆಲ್ಲಬೇಡಿ. ಟೊಮೇಟೊವನ್ನು ಫ್ರಿಜ್ಜಿನಲ್ಲಿ ಇಡುವುದನ್ನೂ ಬಿಟ್ಟಿದ್ದೇನೆ, ತಂಪಿಗೆ ಅದರ ಪರಿಮಳವೇ ಹೋಗುತ್ತದೆ.

ಈರುಳ್ಳಿಯನ್ನು ತೆಳ್ಳಗೆ ಸೀಳಿ ಹತ್ತು ನಿಮಿಷ ತಣ್ಣೀರಿನಲ್ಲಿಟ್ಟರೆ ಘಾಟು ಇಳಿಯುತ್ತದೆ. ಬೆಳ್ಳುಳ್ಳಿ ಜಜ್ಜಿದ ಕೂಡಲೇ ಒಂದು ದೊಡ್ಡ ಚಮಚ ನಿಂಬೆರಸಕ್ಕೆ ಹಾಕಿಡಿ. ಹುಳಿಗೆ ಅದರ ಖಾರ ಅಷ್ಟಾಗಿ ಏಳುವುದಿಲ್ಲ, ತಿಂದ ಮೇಲೆ ಬಾಯಿ ನಾರುವುದೂ ಕಡಿಮೆ. ಆ ನಿಂಬೆರಸಕ್ಕೇ ಟೊಮೇಟೊದ ರಸ, ಕಾಳುಮೆಣಸು ಸೇರಿಸಿ ಪುಟ್ಟ ಬಟ್ಟಲಿನಲ್ಲಿ ಪಕ್ಕಕ್ಕಿಡುತ್ತೇನೆ.

ನಡುವೆ ಒಮ್ಮೆ ಅಡುಗೆ ಸೋಡಾವನ್ನೂ ಪರೀಕ್ಷಿಸಿ ನೋಡಿದೆ. ಚಿಟಿಕೆ ಸೋಡಾಕ್ಕೆ ಬಣ್ಣವೇನೋ ಕಣ್ಣು ಕುಕ್ಕುವಂತೆ ಉಳಿಯಿತು, ಆದರೆ ಕಾಯಿಯ ಸಿಪ್ಪೆ ಬೆರಳಿಗೆ ಲೋಳೆಯಾಗಿ ಹತ್ತಿತು. ಕ್ಷಾರಕ್ಕೆ ಕಾಯಿಯ ಗೋಡೆಯೇ ಕರಗುತ್ತದೆ. ಹುಳಿ ಇದಕ್ಕೆ ತದ್ವಿರುದ್ಧ. ಬೇಯುವ ಮೊದಲೇ ಟೊಮೇಟೊ ಹಾಕಿದರೆ ಬೀನ್ಸ್ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಹುಳಿ ಕೊನೆಗೇ ಬರಬೇಕು ಅನ್ನುವುದಕ್ಕೆ ಹೀಗೆ ಎರಡು ಕಾರಣ ಸಿಕ್ಕವು.

ಬೆರೆಸುವಾಗ ಒರೆಸಿದ ಬೀನ್ಸ್‌ಗೆ ಮೊದಲು ಎಣ್ಣೆ ಹಾಕಿ ಕೈಯಲ್ಲೇ ಮೇಲೆಕೆಳಗೆ ಮಾಡುತ್ತೇನೆ. ಪ್ರತಿ ತುಂಡೂ ಎಣ್ಣೆ ಹತ್ತಿ ಹೊಳೆಯಬೇಕು. ನಂತರ ತೆನೆಯಿಂದ ಬಿಡಿಸಿದ ಜೋಳ, ಹಿಂಡಿದ ಈರುಳ್ಳಿ. ಇಷ್ಟು ಮಾಡಿ ಒಂದೆರಡು ಗಂಟೆ ಇಟ್ಟರೂ ಏನೂ ಆಗುವುದಿಲ್ಲ. ಹಿಂದಿನ ದಿನವೇ ಬೇಯಿಸಬೇಕೆಂದರೆ ಒರೆಸಿದ ಕಾಯಿಯನ್ನು ಮಾತ್ರ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಊಟಕ್ಕೆ ಅರ್ಧ ಗಂಟೆ ಮೊದಲು ಹೊರತೆಗೆಯಿರಿ. ತೀರ ತಣ್ಣಗಿದ್ದರೆ ರುಚಿ ನಾಲಗೆಗೆ ಸಿಗುವುದಿಲ್ಲ.

ಅದೇ ಎಂಟು ಜನ ಮತ್ತೊಮ್ಮೆ ಊಟಕ್ಕೆ ಬಂದಾಗ ಅಳತೆ ಎರಡು ಪಟ್ಟು ಮಾಡಿದೆ. ಎಲ್ಲರೂ ಕೂತ ಮೇಲೆ ಟೊಮೇಟೊ ಹಾಕಿ, ಪುದೀನ ಕೈಯಲ್ಲೇ ಹರಿದು ಉದುರಿಸಿ, ಪುಟ್ಟ ಬಟ್ಟಲಿನ ರಸವನ್ನು ಅವರ ಮುಂದೆಯೇ ಸುರಿದು ಎರಡು ಸಲ ತಿರುವಿದೆ. ಉಪ್ಪು ಒಂದು ಚಿಟಿಕೆ ಬೇಕಾಯಿತು. ಪಾತ್ರೆ ಖಾಲಿಯಾದಾಗ ತಳದಲ್ಲಿ ಎರಡು ಚಮಚದಷ್ಟು ರಸ ಉಳಿದಿತ್ತು. ಪಕ್ಕದಲ್ಲಿ ಕೂತವರು ಅದನ್ನೂ ತಮ್ಮ ತಟ್ಟೆಗೆ ಬಗ್ಗಿಸಿಕೊಂಡರು.