ಡಾರ್ವಿನ್ನಿನಲ್ಲಿ ವುಲ್ಲಿಬಟ್ ನೀಲಗಿರಿ ಬೆಳೆಸಿದ ನನ್ನ ಅನುಭವ

ಕೋಲಾರದ ಕಡೆಯವರಾದ ನಮಗೆ ನೀಲಗಿರಿ ಎಂದರೆ ಸಾಲಾಗಿ ನೆಟ್ಟು, ಕೆಲವು ವರ್ಷಕ್ಕೊಮ್ಮೆ ಕಡಿದು ಲಾರಿಗೆ ತುಂಬುವ ತೋಪು. ಅಂತರ್ಜಲ ಬತ್ತಿಸುತ್ತದೆಂಬ ದೂರಿಗೆ ಗುರಿಯಾಗಿ, 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿದ ಮರ. ಹೀಗಾಗಿ ಆಸ್ಟ್ರೇಲಿಯಾದ ಉತ್ತರ ಅಂಚಿನ ಡಾರ್ವಿನ್ ನಗರದ ಹೊರವಲಯದಲ್ಲಿ ಕೊಂಡ ಜಮೀನಿನ ಒಂದು ಭಾಗವನ್ನು ಮತ್ತೆ ಕಾಡಾಗಿಸಲು ನಾನು ನೀಲಗಿರಿಯನ್ನೇ ಆರಿಸಿಕೊಂಡಿದ್ದೇನೆಂದು ತಿಳಿದಾಗ ಊರಿನ ಬಂಧುಗಳಿಗೆ ಅಚ್ಚರಿಯಾಯಿತು. ಇಲ್ಲಿ ಅದು ಹೊರಗಿನಿಂದ ತಂದ ಬೆಳೆಯಲ್ಲ, ನೆಲದ್ದೇ ಮರ. ಜಾತಿಯೂ ಬೇರೆ: ಯೂಕಲಿಪ್ಟಸ್ ಮಿನಿಯಾಟಾ, ಇಲ್ಲಿಯವರ ಬಾಯಲ್ಲಿ ಡಾರ್ವಿನ್ ವುಲ್ಲಿಬಟ್. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಿಂದ ಪೂರ್ವದ ಕ್ವೀನ್ಸ್‌ಲ್ಯಾಂಡಿನವರೆಗೆ ಹುಲ್ಲು ಬೆರೆತ ಬಯಲುಕಾಡುಗಳಲ್ಲಿ ಬೆಳೆಯುವ ಈ ಮರಕ್ಕೆ ಕೆಳಭಾಗದಲ್ಲಿ ಒರಟು ನಾರಿನ ತೊಗಟೆ, ಮೇಲೆ ನುಣುಪಾದ ಬಿಳಿ ಕೊಂಬೆಗಳು, ಮಳೆಯಿಲ್ಲದ ತಿಂಗಳುಗಳಲ್ಲಿ ಕಡು ಕಿತ್ತಳೆ ಬಣ್ಣದ ಹೂಗಳು.

ಕೆಲಸದಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಬೀಜದ ವಿಷಯದಲ್ಲಿ. ಮೇ ತಿಂಗಳಿಂದ ಅರಳುವ ಹೂಗಳು ಕಾಯಾಗಿ, ಮಳೆಗಾಲ ಆರಂಭವಾಗುವ ಮೊದಲೇ, ಸುಮಾರು ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಬೀಜ ಉದುರಿಸುತ್ತವೆ. ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಮೊದಲ ಮಳೆಗೆ ಮೊಳೆಯುತ್ತದೆ, ಇಲ್ಲವಾದರೆ ಕೆಡುತ್ತದೆ, ಮಣ್ಣಿನಲ್ಲಿ ಮುಂದಿನ ವರ್ಷದವರೆಗೆ ಉಳಿಯುವುದಿಲ್ಲ. ಆದ್ದರಿಂದ ನೆರೆಯವರ ಜಮೀನಿನ ದೊಡ್ಡ ಮರಗಳಿಂದ, ಅವರ ಒಪ್ಪಿಗೆ ಪಡೆದು, ಕಾಯಿ ಬಿರಿಯುವ ಮೊದಲೇ ಗಳುವಿನಿಂದ ಇಳಿಸಿಕೊಂಡೆ. ಕೆಂಪು ಬಾಲದ ಕಪ್ಪು ಕಾಕಟೂ ಎಂಬ ದೊಡ್ಡ ಗಿಳಿಗಳಿಗೂ ಇದೇ ಬೀಜ ಬೇಕು. ಅವು ಕಚ್ಚಿ ಕೆಡವಿದ ಕಾಯಿಗಳನ್ನು ಆಯುವುದು ವ್ಯರ್ಥ. ಮೇಲ್ಮೈಯಲ್ಲಿ ಉದ್ದುದ್ದ ಏಣುಗಳಿರುವ ಗಟ್ಟಿ ಕಾಯಿಗಳನ್ನು ಕಾಗದದ ಚೀಲದಲ್ಲಿ ಒಣ ಜಾಗದಲ್ಲಿಟ್ಟರೆ ತುದಿಯ ಕವಾಟಗಳು ತೆರೆದು, ಹೊಟ್ಟಿನೊಡನೆ ಬೀಜ ಚೀಲದ ತಳಕ್ಕೆ ಬೀಳುತ್ತದೆ. ಕೋಲಾರದ ನೀಲಗಿರಿ ಬೀಜದ ಹಾಗೆ ಪುಡಿಪುಡಿಯಲ್ಲ. ಒಂದೊಂದನ್ನೇ ಎತ್ತಿ ಬಿತ್ತುವಷ್ಟು ದೊಡ್ಡದು.

ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಮಿಶ್ರಣವನ್ನು ಉದ್ದನೆಯ ಚೀಲಗಳಿಗೆ ತುಂಬಿ, ಒಂದೊಂದರಲ್ಲಿ ಎರಡು ಬೀಜ ಹಾಕಿ, ತೆಳುವಾಗಿ ಮುಚ್ಚಿದೆ. ಮಡಿಯಲ್ಲಿ ಬೆಳೆಸಿ ಕೀಳುವ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಎಲೆ ಕಾಣುವ ವೇಳೆಗೆ ತಾಯಿಬೇರು ಆಳಕ್ಕೆ ಹೊರಟಿರುತ್ತದೆ. ಅಕ್ಟೋಬರ್‌ನ ಬಿಸಿ ಮತ್ತು ತೇವದಲ್ಲಿ ಮೊಳಕೆಗಿಂತ ಬೂಷ್ಟೇ ಬೇಗ ಬರುವುದರಿಂದ ಬೆಳಿಗ್ಗೆ ಮಾತ್ರ ನೀರು ಕೊಟ್ಟು, ಚೀಲಗಳನ್ನು ಗಾಳಿಯಾಡುವಂತೆ ಅಟ್ಟಣೆಯ ಮೇಲಿಟ್ಟೆ. ಡಾರ್ವಿನ್ನಿಗೆ ವರ್ಷಕ್ಕೆ ಸುಮಾರು 1,700 ಮಿಲಿಮೀಟರ್ ಮಳೆ ಬಿದ್ದರೂ ಅದರ ಬಹುಪಾಲು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮುಗಿದುಹೋಗುತ್ತದೆ. ಮಳೆ ಹಿಡಿದ ಕೂಡಲೇ, ಬೇರು ಚೀಲದೊಳಗೆ ಸುತ್ತಿಕೊಳ್ಳುವ ಮುನ್ನ, ಸಸಿಗಳನ್ನು ಜಂಬಿಟ್ಟಿಗೆ ಮಣ್ಣಿನ ದಿಬ್ಬದಲ್ಲಿ ನೆಟ್ಟೆ. ಗೊಬ್ಬರ ಹಾಕಲಿಲ್ಲ. ನೀರು ನಿಲ್ಲುವ ತಗ್ಗನ್ನು ಬಿಟ್ಟುಬಿಟ್ಟೆ. ಕಾಡಿನಲ್ಲಿಯೂ ಈ ಮರ ಬಸಿದುಹೋಗುವ ನೆಲದಲ್ಲೇ ಹೆಚ್ಚು.

ನಂತರದ ವರ್ಷಗಳು ನೋಡುವವರಿಗೆ ಬೇಸರ ತರಿಸುತ್ತವೆ. ಸಸಿ ಮೊಣಕಾಲೆತ್ತರದಲ್ಲೇ ನಿಂತಂತೆ ಕಾಣುತ್ತದೆ, ಮಳೆಯಿಲ್ಲದ ತಿಂಗಳುಗಳಲ್ಲಿ ಮೇಲ್ಭಾಗ ಒಣಗುವುದೂ ಉಂಟು. ಆದರೆ ನೆಲಮಟ್ಟದಲ್ಲಿ ಗೆಡ್ಡೆಯಂತಹ ದಪ್ಪ ಬುಡ ಕಟ್ಟುತ್ತಿರುತ್ತದೆ. ಬೆಂಕಿ ಬಂದು ಕಾಂಡ ಸುಟ್ಟರೂ ಅಲ್ಲಿಂದಲೇ ಹೊಸ ಚಿಗುರು ಏಳುತ್ತದೆ. ಸತ್ತಿತೆಂದು ಕಿತ್ತುಹಾಕದೆ ಒಂದು ಮಳೆ ಕಾಯಬೇಕು. ಹಲವು ಚಿಗುರು ಒಟ್ಟಿಗೆ ಬಂದಲ್ಲಿ ನಾನು ಬಲವಾದ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಸಿದೆ.

ಬೆಂಕಿ ಇಲ್ಲಿನ ಕಾಡಿಗೆ ಹೊಸದಲ್ಲ. ಮೂಲನಿವಾಸಿಗಳು ಒಣಗಾಲದ ಆರಂಭದಲ್ಲಿ, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗಲೇ, ಸಣ್ಣ ಬೆಂಕಿಗಳನ್ನಿಟ್ಟು ದೊಡ್ಡ ಬೆಂಕಿಯನ್ನು ತಡೆಯುತ್ತ ಬಂದಿದ್ದಾರೆ. ಅಪಾಯವಿರುವುದು ಆಫ್ರಿಕಾದಿಂದ ಮೇವಿಗೆಂದು ತಂದ ಗಾಂಬಾ ಹುಲ್ಲಿನಲ್ಲಿ. 4 ಮೀಟರ್‌ವರೆಗೆ ಬೆಳೆದು ಒಣಗಿ ನಿಂತ ಈ ಹುಲ್ಲಿನ ಬೆಂಕಿ ದೊಡ್ಡ ಮರದ ನೆತ್ತಿಯನ್ನೂ ಸುಡುತ್ತದೆ. ನನ್ನ ಶ್ರಮದ ಹೆಚ್ಚಿನ ಪಾಲು ನೆಡುವುದರಲ್ಲಿ ಅಲ್ಲ, ಮಳೆಗಾಲದಲ್ಲಿ ಗಾಂಬಾ ತೆನೆ ಕಟ್ಟುವ ಮೊದಲು ಬುಡಸಮೇತ ಅಗೆದು ತೆಗೆಯುವುದರಲ್ಲಿ ಹೋಗಿದೆ. ಜಮೀನಿನ ಗಡಿಯುದ್ದಕ್ಕೂ ಬೆಂಕಿರೇಖೆ ಮಾಡಿಸುವುದು ಹೇಗೂ ಕಡ್ಡಾಯ; ಎಳೆಯ ಗಿಡಗಳ ಸುತ್ತಲ ಒಣಹುಲ್ಲನ್ನೂ ಕೈಯಿಂದಲೇ ಗೋರಿಸುತ್ತೇನೆ.

ಗೆದ್ದಲಿನ ಬಗ್ಗೆ ನನ್ನ ನಿಲುವು ನೆರೆಯವರಿಗೆ ಒಪ್ಪಿಗೆಯಿಲ್ಲ. ಬಲಿತ ವುಲ್ಲಿಬಟ್‌ನ ತಿರುಳನ್ನು ಗೆದ್ದಲು ತಿಂದು ಟೊಳ್ಳು ಮಾಡುತ್ತದೆ, ಮರ ಮಾತ್ರ ಬದುಕಿರುತ್ತದೆ. ಆ ಪೊಟರೆಗಳಲ್ಲಿ ಪೊಸಮ್ ಎಂಬ ಹೊಟ್ಟೆಚೀಲದ ಸಣ್ಣ ಪ್ರಾಣಿ, ಮರಇಲಿ, ಗಿಳಿಗಳು ನೆಲೆಸುತ್ತವೆ. ಡಾರ್ವಿನ್ನಿನ ಪೂರ್ವಕ್ಕಿರುವ ಅರ್ನ್‌ಹೆಮ್ ಲ್ಯಾಂಡಿನ ಮೂಲನಿವಾಸಿ ಯೋಲ್ಙು ಜನರ ಯಿಡಕಿ ಎಂಬ ಉದ್ದನೆಯ ಊದುವ ವಾದ್ಯವೂ (ಡಿಜೆರಿಡೂ) ಗೆದ್ದಲು ತಿಂದ ಇಂತಹ ಕಾಂಡದಿಂದಲೇ, ಹೆಚ್ಚಾಗಿ ಕಾಡಿನಲ್ಲಿ ಇದರ ಜೊತೆಗೇ ಬೆಳೆಯುವ ಇನ್ನೊಂದು ನೀಲಗಿರಿ ಜಾತಿಯಾದ ಸ್ಟ್ರಿಂಗಿಬಾರ್ಕ್ ಮರದಿಂದ, ಆಗುತ್ತದೆ. ಹಾಗಾಗಿ ನಾನು ಔಷಧಿ ಹೊಡೆಸುವುದಿಲ್ಲ. ಬದಲಿಗೆ ಮನೆಯಿಂದ, ದಾರಿಯಿಂದ, ವಿದ್ಯುತ್ ತಂತಿಯಿಂದ 25 ಮೀಟರ್‌ಗೂ ಹೆಚ್ಚು ದೂರ ಬಿಟ್ಟು ನೆಟ್ಟಿದ್ದೇನೆ. 1974ರ ಟ್ರೇಸಿ ಚಂಡಮಾರುತ ಊರನ್ನೇ ನೆಲಸಮ ಮಾಡಿದ ಜಾಗವಿದು; 2018ರ ಮಾರ್ಕಸ್ ಚಂಡಮಾರುತದಲ್ಲಿಯೂ ಸಾವಿರಾರು ಮರಗಳು ಉರುಳಿದವು. ಮುಂದಿನ ಮಳೆಗೆ ಸ್ಟ್ರಿಂಗಿಬಾರ್ಕ್ ಸಸಿಗಳನ್ನೂ ಇದೇ ಅಂತರ ಕಾಯ್ದುಕೊಂಡು ನಡುನಡುವೆ ನೆಡುವವನಿದ್ದೇನೆ.