ಸಂಧಿವಾತವನ್ನು ಮೊದಲೇ ಹಿಡಿಯುವ ಸಂಶೋಧನೆ: ಕಾಸರಗೋಡಿನಿಂದ ಅನುದಾನ ಕೇಳುವುದು ಹೇಗೆ?

ಕೀಲು ಊದಿದ ರೋಗಿಯನ್ನು ಆರು ವಾರದೊಳಗೆ ರುಮಟಾಲಜಿಸ್ಟ್ (ಕೀಲು ರೋಗಗಳ ತಜ್ಞ ವೈದ್ಯರು) ನೋಡಬೇಕು, ರೋಗ ಬೇರೂರುವ ಲಕ್ಷಣ ಇದ್ದರೆ ಮೂರು ತಿಂಗಳೊಳಗೆ ಮದ್ದು ಶುರುವಾಗಬೇಕು ಎನ್ನುವುದು ಯುರೋಪಿನ ರುಮಟಾಲಜಿ ಒಕ್ಕೂಟದ 2016ರ ಶಿಫಾರಸು. ತಡವಾದರೆ ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ರೋಗ, ಕೀಲಿನ ಎಲುಬನ್ನೇ ಸವೆಸುತ್ತದೆ. ನಮ್ಮ ಮಂಜೇಶ್ವರ, ಪೈವಳಿಕೆ, ಬದಿಯಡ್ಕ ಕಡೆ ಏನಾಗುತ್ತದೆ? ಬೆರಳು ಊದಿದರೆ ಬೀಡಿ ಕಟ್ಟಿದ್ದಕ್ಕೆ, ಅಡಿಕೆ ಸುಲಿದದ್ದಕ್ಕೆ ಎಂದುಕೊಂಡು ಎಣ್ಣೆ ಹಚ್ಚುತ್ತಾರೆ. ನೋವಿನ ಮಾತ್ರೆಯಲ್ಲಿ ತಿಂಗಳುಗಳು ಕಳೆಯುತ್ತವೆ. ತಜ್ಞರನ್ನು ಕಾಣಲು ಮಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ಎಷ್ಟೋ ಜನರ ಬೆರಳು ಓರೆಯಾಗಿರುತ್ತದೆ. ಈ ವಿಳಂಬವನ್ನು ಅಳೆಯುವುದಕ್ಕೂ ತಗ್ಗಿಸುವುದಕ್ಕೂ ಸಂಶೋಧನಾ ಹಣ ಕೇಳಬಹುದು. ಇಲ್ಲಿನ ವೈದ್ಯರು, ನರ್ಸುಗಳು, ಅಧ್ಯಾಪಕರು ಕೇಳಲೇಬೇಕು.

ಮೊದಲು ಪ್ರಶ್ನೆ

‘ಕಾಸರಗೋಡಿನಲ್ಲಿ ಸಂಧಿವಾತ: ಒಂದು ಅಧ್ಯಯನ’ ಎಂಬ ಅರ್ಜಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪ್ರಶ್ನೆ ಕಿರಿದಾಗಿರಲಿ. ಉದಾಹರಣೆಗೆ: ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಕೀಲುನೋವು ಎಂದು ಬಂದವರಲ್ಲಿ ಯಾರನ್ನು ತಜ್ಞರಲ್ಲಿಗೆ ತಕ್ಷಣ ಕಳಿಸಬೇಕು ಎಂದು ನರ್ಸ್ ಒಬ್ಬರು ಐದು ನಿಮಿಷದಲ್ಲಿ ಹೇಳಬಲ್ಲರೇ? ಅವರ ತೀರ್ಮಾನ ತಜ್ಞರ ತೀರ್ಮಾನಕ್ಕೆ ಎಷ್ಟು ಹೊಂದುತ್ತದೆ?

ಇದಕ್ಕೆ ದುಬಾರಿ ಯಂತ್ರ ಬೇಡ. ಬೆಳಿಗ್ಗೆ ಎದ್ದಾಗ ಕೈ ಬಿಗಿದಿರುವುದು ಅರ್ಧ ಗಂಟೆ ದಾಟುತ್ತದೆಯೇ ಎಂದು ಕೇಳಬೇಕು. ನಮ್ಮಲ್ಲಿ ಗಂಟೆ ನೋಡಿ ಏಳುವವರು ಕಡಿಮೆ, ಆದ್ದರಿಂದ ‘ಚಾ ಕಾಯಿಸಿ, ಕುಡಿದು, ಪಾತ್ರೆ ತೊಳೆಯುವವರೆಗೂ ಬೆರಳು ಮಡಚಲು ಕಷ್ಟವೇ?’ ಎಂದರೆ ನೇರ ಉತ್ತರ ಸಿಗುತ್ತದೆ. ಆಮೇಲೆ ಬೆರಳುಗಳು ಅಂಗೈಗೆ ಸೇರುವಲ್ಲಿನ ಗೆಣ್ಣುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಹಿಂಡಿ ನೋಡಬೇಕು. ರೋಗಿ ಕೈ ಎಳೆದುಕೊಂಡರೆ ಅನುಮಾನಪಡಲು ಕಾರಣ ಇದೆ. ಈ ರೋಗದ ಸುಳಿವು ಕೊಡುವ ಪ್ರತಿಕಾಯವನ್ನು ಹುಡುಕುವ ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಮುಂದಿನದು. ಎಷ್ಟೋ ಮಂದಿಯಲ್ಲಿ ನೋವು ಶುರುವಾಗುವ ವರ್ಷಗಳ ಮೊದಲೇ ಅದು ಪಾಸಿಟಿವ್ ಆಗಿರುತ್ತದೆ. ಆದರೆ ಸುಮಾರು ಮೂರರಲ್ಲೊಂದು ಪಾಲು ರೋಗಿಗಳಲ್ಲಿ ಕಾಣುವುದೇ ಇಲ್ಲ, ಹಾಗಾಗಿ ರಕ್ತಪರೀಕ್ಷೆಯೊಂದನ್ನೇ ನೆಚ್ಚಿಕೊಂಡ ಅರ್ಜಿ ನಿಲ್ಲುವುದಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ, ಚಿಕುನ್‌ಗುನ್ಯಾ. 2006ರಿಂದ 2008ರ ನಡುವೆ ಕೇರಳದಲ್ಲೂ ದಕ್ಷಿಣ ಕನ್ನಡದಲ್ಲೂ ಅದು ಹಬ್ಬಿದಾಗ ಜ್ವರ ಬಿಟ್ಟರೂ ಗಂಟುನೋವು ಬಿಡದೆ ತಿಂಗಳುಗಟ್ಟಲೆ ನರಳಿದವರು ಮನೆಮನೆಯಲ್ಲಿದ್ದರು. ಅಂಥ ನೋವನ್ನು ಸಂಧಿವಾತದಿಂದ ಹೇಗೆ ಬೇರ್ಪಡಿಸುತ್ತೀರಿ ಎಂದು ಅರ್ಜಿಯ ಪರಿಶೀಲಕರು ಕೇಳಿಯೇ ಕೇಳುತ್ತಾರೆ. ಉತ್ತರ ಅರ್ಜಿಯಲ್ಲೇ ಇರಲಿ.

ಲೆಕ್ಕ

ಪುಣೆ ಜಿಲ್ಲೆಯ ಭಿಗವಣ್ ಊರಿನಲ್ಲಿ 1996ರಲ್ಲಿ ಶುರುವಾದ ಸಮೀಕ್ಷೆಯಲ್ಲಿ ರುಮಟಾಯ್ಡ್ ಸಂಧಿವಾತ ಶೇ. 0.5ರಷ್ಟು, ಅಂದರೆ ಇನ್ನೂರಕ್ಕೆ ಒಬ್ಬರಲ್ಲಿ ಕಂಡಿತ್ತು. ಅದೇ ಪ್ರಮಾಣ ಹಿಡಿದರೆ 10,000 ಮಂದಿಯ ಮನೆಬಾಗಿಲು ತಟ್ಟಿದರೂ ಸಿಗುವವರು ಸುಮಾರು 50. ಅವರಲ್ಲಿ ಆರಂಭದ ಹಂತದಲ್ಲಿರುವವರು ಬೆರಳೆಣಿಕೆಯಷ್ಟೇ. ಅದಕ್ಕೇ ನನ್ನ ಮಟ್ಟಿಗೆ ಮನೆಮನೆ ಸಮೀಕ್ಷೆಗಿಂತ ಆರೋಗ್ಯ ಕೇಂದ್ರಕ್ಕೆ ಬಂದವರನ್ನು ಹಿಡಿಯುವ ವಿನ್ಯಾಸವೇ ಸರಿ. ಅರ್ಜಿಗೆ ಕೈ ಹಾಕುವ ಮೊದಲೇ ಸಂಖ್ಯಾಶಾಸ್ತ್ರ ಬಲ್ಲವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ.

ಯಾರು ಕೇಳಬಹುದು, ಎಲ್ಲಿ ಕೇಳಬೇಕು

ಅನುದಾನ ಬರುವುದು ಸಂಸ್ಥೆಯ ಹೆಸರಿಗೆ. ಕ್ಲಿನಿಕ್ ನಡೆಸುವ ವೈದ್ಯರು ಒಬ್ಬರೇ ಕೇಳಿದರೆ ಆಗದು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜು, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಯ ಕಾಯಂ ಅಧ್ಯಾಪಕರು ಮುಖ್ಯ ಸಂಶೋಧಕರಾಗಿ, ಊರಿನ ವೈದ್ಯರು ಸಹ ಸಂಶೋಧಕರಾಗಬಹುದು. ಖಾಸಗಿ ಸಂಸ್ಥೆಯಾದರೆ ಕೇಂದ್ರದ ಡಿಎಸ್ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ದೊಡ್ಡ ಬಾಗಿಲು ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅದರ ‘ಸಣ್ಣ ಅನುದಾನ’ ಎಂಬುದೇ 2 ಕೋಟಿ ರೂಪಾಯಿವರೆಗೆ ಇರುತ್ತದೆ, ಅರ್ಜಿ ಆನ್‌ಲೈನ್. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆ ಬೇರೆಯೇ ಇದೆ. ಪೂರ್ವಸಿದ್ಧತೆಯ ಪುಟ್ಟ ಅಧ್ಯಯನಕ್ಕೆ ಅದು ಹೇಳಿ ಮಾಡಿಸಿದ್ದು. ರಾಜ್ಯ ಮಟ್ಟದಲ್ಲಿ ಕೇರಳ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರ ಮಂಡಳಿ, ತಜ್ಞರ ಪೈಕಿ ಭಾರತೀಯ ರುಮಟಾಲಜಿ ಸಂಘ ಇವೆ. ದೊಡ್ಡ ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನೂ ಕೇಳಬಹುದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಅವು ಸರಾಸರಿ ಲಾಭದ ಶೇ. 2ರಷ್ಟನ್ನು ವ್ಯಯಿಸಬೇಕು, ಆರೋಗ್ಯ ಆ ಪಟ್ಟಿಯಲ್ಲಿದೆ.

ಬಜೆಟ್

ಬೇರೆ ಊರಿನ ಅರ್ಜಿಯಿಂದ ಬಜೆಟ್ ನಕಲು ಮಾಡಬೇಡಿ. ರೋಗಿಯ ಬಸ್ಸಿನ ದುಡ್ಡು, ಬೀಡಿ ಕಟ್ಟುವವಳು ಕಳೆದುಕೊಳ್ಳುವ ಒಂದು ದಿನದ ಕೂಲಿ, ಆಶಾ ಕಾರ್ಯಕರ್ತೆಯರ ಗೌರವಧನ ಎಲ್ಲವನ್ನೂ ಬರೆಯಿರಿ. ಸಮ್ಮತಿ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಬೇಕು, ಓದಲು ಬಾರದವರಿಗೆ ತುಳುವಿನಲ್ಲಿ, ಬ್ಯಾರಿಯಲ್ಲಿ ವಿವರಿಸಿ ಹೇಳುವವರು ಬೇಕು. ಅದಕ್ಕೂ ಸಂಬಳ ಇಡಿ. ರಕ್ತದ ಮಾದರಿ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿರಬೇಕು. ಆಟಿ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗುವ ಊರಿದು, ಇನ್ವರ್ಟರ್ ಬರೆಯಲು ಸಂಕೋಚ ಬೇಡ.

ಹಣ ಕಂತುಗಳಲ್ಲಿ ಬರುತ್ತದೆ. ಹಿಂದಿನ ಕಂತು ಹೇಗೆ ಖರ್ಚಾಯಿತು ಎಂಬ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ, ಆದ್ದರಿಂದ ಸಂಸ್ಥೆಯ ಲೆಕ್ಕಪತ್ರ ವಿಭಾಗದವರನ್ನು ಮೊದಲ ದಿನದಿಂದಲೇ ವಿಶ್ವಾಸಕ್ಕೆ ತೆಗೆದುಕೊಳ್ಳಿ. ನೈತಿಕ ಸಮಿತಿಯ ಒಪ್ಪಿಗೆ ಸಿಗದೆ ಒಂದು ಹನಿ ರಕ್ತವನ್ನೂ ತೆಗೆಯುವಂತಿಲ್ಲ.

ಇಷ್ಟಾದ ಮೇಲೆ ಅತಿ ಮುಖ್ಯವಾದದ್ದು ಉಳಿದಿದೆ. ನಿಮ್ಮ ಅಧ್ಯಯನದಲ್ಲಿ ರೋಗ ಪತ್ತೆಯಾದವರಿಗೆ ಮುಂದೇನು? ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಮದ್ದಾದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆ, ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆಗಾಗ ರಕ್ತಪರೀಕ್ಷೆ ಮಾಡಿಸಿ ವರ್ಷಗಟ್ಟಲೆ ನೋಡಿಕೊಳ್ಳುವವರಿರಬೇಕು. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಇಲ್ಲಿನ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಚಿಕಿತ್ಸೆಯ ದಾರಿ ತೋರಿಸದೆ ರೋಗದ ಹೆಸರು ಮಾತ್ರ ಹೇಳಿ ಕಳಿಸುವುದು ಅನ್ಯಾಯ. ಯೋಜನೆ ಮುಗಿದ ಮೇಲೂ ಈ ರೋಗಿಗಳನ್ನು ನೋಡಿಕೊಳ್ಳುತ್ತೇವೆ ಎಂಬ ಪತ್ರವನ್ನು ಜಿಲ್ಲೆಯೊಳಗಿನ ಆಸ್ಪತ್ರೆಯೊಂದರಿಂದ ಬರೆಸಿಕೊಂಡು ಅರ್ಜಿಗೆ ಲಗತ್ತಿಸಿ.